ಬಿಸಿನೀರಿನ ಬ್ಯಾಗ್ ಇಟ್ಟಷ್ಟು ಹೊತ್ತು ಮಾತ್ರ ಸೊಂಟ ನೋವು ಕಡಿಮೆ ಇರುತ್ತದೆ. ಶಾಖದಿಂದ ನಿಜವಾಗಿ ವಾಸಿಯಾಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ದಿನವಿಡೀ ಕೂತು ಮಾಡುವ ಕೆಲಸ, ಮೂರು ವಾರದಿಂದ ಸೊಂಟ ಹಿಡಿದುಕೊಂಡಿದೆ. ಬಿಸಿನೀರಿನ ಬ್ಯಾಗ್ ಇಟ್ಟರೆ ಹಾಯೆನಿಸುತ್ತದೆ, ತೆಗೆದ ಸ್ವಲ್ಪ ಹೊತ್ತಿಗೆ ನೋವು ಮತ್ತೆ ಶುರು. ಶಾಖ ಸುಮ್ನೆ ಸಮಾಧಾನಕ್ಕಾ, ಇಲ್ಲ ವಾಸಿ ಮಾಡುತ್ತಾ? ಹೀಟಿಂಗ್ ಪ್ಯಾಡ್ ತಂದು ರಾತ್ರಿಯಿಡೀ ಹಾಕಿಕೊಂಡು ಮಲಗಬಹುದಾ? ಸ್ನೇಹಿತರು ಐಸ್ ಇಡು ಅಂತಿದ್ದಾರೆ, ಯಾವುದು ಸರಿ?

ನಾನು ಫಿಸಿಯೋಥೆರಪಿಸ್ಟ್. ಶಾಖ ಕೊಡುವುದು ನನ್ನ ದಿನನಿತ್ಯದ ಕೆಲಸ. ರಾತ್ರಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ: ಪ್ಯಾಡ್ ಹಾಕಿಕೊಂಡು ಮಲಗಬೇಡಿ. ಕಾರಣ ಮುಂದೆ ಬರುತ್ತದೆ.

ನೋವಿರುವ ಜಾಗದ ಸುತ್ತಲಿನ ಸ್ನಾಯುಗಳು ಆ ಜಾಗ ಅಲುಗಾಡದಂತೆ ಬಿಗಿದುಕೊಳ್ಳುತ್ತವೆ. ಬಿಗಿದಷ್ಟೂ ನೋವು ಜಾಸ್ತಿ, ನೋವಾದಷ್ಟೂ ಬಿಗಿತ ಜಾಸ್ತಿ. ಶಾಖ ಕೊಟ್ಟಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ರಕ್ತ ಓಡಾಟ ಹೆಚ್ಚುತ್ತದೆ, ಸ್ನಾಯು ಸಡಿಲವಾಗುತ್ತದೆ. ಇದರ ಜೊತೆ ನರಗಳ ಕಡೆಯಿಂದಲೂ ಸಹಾಯ ಸಿಗುತ್ತದೆ. ಮೊಣಕೈ ಎಲ್ಲಿಗೋ ತಗುಲಿದಾಗ ತಕ್ಷಣ ಉಜ್ಜಿಕೊಳ್ಳುತ್ತೇವೆ ಅಲ್ವಾ? ಆ ಸ್ಪರ್ಶದ ಸಂದೇಶ ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಅಡ್ಡ ಬರುತ್ತದೆ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮುಂದಿಟ್ಟ ವಿವರಣೆ ಇದು. ಬೆಚ್ಚನೆಯ ಅನುಭವವೂ ಹೀಗೇ ನೋವನ್ನು ಹಿಂದಕ್ಕೆ ತಳ್ಳುತ್ತದೆ ಅಂತ ನಾವು ತಿಳಿಯುತ್ತೇವೆ.

ಆದರೆ ಬ್ಯಾಗಿನ ಬಿಸಿ ಒಳಗೆ ಇಳಿಯುವುದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ಸೊಂಟದ ಆಳದ ಕೀಲುಗಳಿಗೆ ಅದು ಮುಟ್ಟುವುದೇ ಇಲ್ಲ. ಹಾಗಾಗಿ ಬಿಸಿಯೇ ಒಳಗೆ ಹೋಗಿ ಏನನ್ನೋ ರಿಪೇರಿ ಮಾಡುತ್ತದೆ ಅಂದುಕೊಳ್ಳಬೇಡಿ. ಅದು ನಿಮಗೆ ಕೊಡುವುದು ಸ್ವಲ್ಪ ಹೊತ್ತಿನ ಬಿಡುವು. ನೋವು ತಗ್ಗಿ, ಸ್ನಾಯು ಸಡಿಲವಾಗಿ, ಬಗ್ಗಲು ಭಯವಾಗದ ಆ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದೇ ಮುಖ್ಯ. ಹೆಚ್ಚಿನವರು ಏನು ಮಾಡುತ್ತಾರೆ? ಬ್ಯಾಗ್ ತೆಗೆದು ಮತ್ತೆ ಅದೇ ಕುರ್ಚಿಗೆ ಹೋಗಿ ಕೂರುತ್ತಾರೆ. ಇಲ್ಲವೇ ಹಾಯಾಗಿದೆ ಅಂತ ಅಲ್ಲೇ ಮಲಗಿಬಿಡುತ್ತಾರೆ. ಸ್ನಾಯು ತಣ್ಣಗಾಗುತ್ತದೆ, ಮತ್ತೆ ಬಿಗಿಯುತ್ತದೆ. ನಿಮಗೂ ಇದೇ ಆಗುತ್ತಿರಬೇಕು.

ಆದ್ದರಿಂದ ಶಾಖ ಮುಗಿದ ಕೂಡಲೇ ಮೈ ಆಡಿಸಿ. ಮಂಡಿ ಮಡಚಿ ಅಂಗಾತ ಮಲಗಿ. ಸೊಂಟದ ಕೆಳಗೆ, ನೆಲಕ್ಕೂ ಬೆನ್ನಿಗೂ ನಡುವೆ, ಅಂಗೈ ತೂರುವಷ್ಟು ಸಂದಿ ಇರುತ್ತದೆ. ಕೈ ಅಲ್ಲಿಡಿ. ಈಗ ಹೊಟ್ಟೆಯನ್ನು ಮೆಲ್ಲಗೆ ಒಳಗೆಳೆದು ಸೊಂಟದಿಂದ ಆ ಕೈಯನ್ನು ಒತ್ತಿ. ಕೈ ಮೇಲೆ ಭಾರ ಬಿದ್ದದ್ದು ಗೊತ್ತಾಗಬೇಕು, ಉಸಿರು ಮಾತ್ರ ಹಿಡಿಯಬಾರದು. ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡಿ. ಹತ್ತು ಸಲ ಸಾಕು. ಆಮೇಲೆ ಒಂದೊಂದೇ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಯ ಕಡೆ ಎಳೆದುಕೊಳ್ಳಿ. ಎಳೆದ ಹಾಗಾಗಬೇಕು, ಚುಚ್ಚಬಾರದು. ಕಾಲಿನ ಕಡೆಗೆ ನೋವು ಇಳಿದರೆ ಅಲ್ಲಿಗೇ ನಿಲ್ಲಿಸಿ. ಕೊನೆಗೆ ಎದ್ದು ಹತ್ತು ನಿಮಿಷ ನಡೆಯಿರಿ. ಇದರಲ್ಲಿ ಒಂದನ್ನೇ ಆರಿಸಬೇಕು ಅಂದರೆ ನಾನು ನಡಿಗೆಯನ್ನೇ ಆರಿಸುತ್ತೇನೆ.

ಇದು ಬರೀ ನನ್ನ ನಂಬಿಕೆಯಲ್ಲ. ಹೊಸದಾಗಿ ಬಂದ ಸೊಂಟ ನೋವಿನವರ ಮೇಲೆ ನಡೆದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಶಾಖದ ಪಟ್ಟಿಯನ್ನಷ್ಟೇ ಕಟ್ಟಿಕೊಂಡವರಿಗಿಂತ, ವ್ಯಾಯಾಮವನ್ನಷ್ಟೇ ಮಾಡಿದವರಿಗಿಂತ, ಎರಡನ್ನೂ ಸೇರಿಸಿ ಮಾಡಿದವರು ಒಂದು ವಾರದ ಹೊತ್ತಿಗೆ ಚೆನ್ನಾಗಿ ಚೇತರಿಸಿಕೊಂಡಿದ್ದರು. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಕೊಟ್ಟ ಮಾರ್ಗಸೂಚಿಯೂ ಮೂರು ತಿಂಗಳೊಳಗಿನ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬೇಕಾದವುಗಳಲ್ಲಿ ಶಾಖವನ್ನು ಸೇರಿಸಿದೆ. ಹಾಗಾಗಿ ಸುಮ್ನೆ ಸಮಾಧಾನ ಅಂತ ತಳ್ಳಿಹಾಕಬೇಡಿ. ನಿಮ್ಮ ನೋವಿಗೆ ಅದು ಸರಿಯಾದ ಔಷಧಿಯೇ, ಅರ್ಧ ಮಾತ್ರ.

ಇನ್ನು ಎಷ್ಟು ಬಿಸಿ ಅನ್ನುವ ವಿಷಯ. ಇಲ್ಲೇ ಜಾಸ್ತಿ ಜನ ತಪ್ಪುವುದು. ಸುಡುಸುಡು ಇದ್ದರೇ ಕೆಲಸ ಮಾಡುತ್ತದೆ ಅಂದುಕೊಳ್ಳುತ್ತಾರೆ. ನಮ್ಮ ನರಗಳ ತುದಿಯಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಎಚ್ಚರಗೊಳ್ಳುವ ಗ್ರಾಹಿಯೊಂದಿದೆ. ಮೆಣಸಿನಕಾಯಿಯ ಖಾರಕ್ಕೆ ಉರಿಯುವುದೂ ಅದರಿಂದಲೇ. ಅದನ್ನು ಗುರುತಿಸಿದ್ದಕ್ಕೇ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅಂದರೆ ಆ ಮಟ್ಟ ದಾಟಿದ ಮೇಲೆ ನೀವು ನೋವು ಕಡಿಮೆ ಮಾಡುತ್ತಿಲ್ಲ, ಹೊಸ ನೋವಿನ ಸಂದೇಶ ಕಳಿಸುತ್ತಿದ್ದೀರಿ. ಮೈ ತಾನಾಗಿ ಬಿಗಿಯಾಗುತ್ತದೆ. ಬಿಸಿ ಹಿತವಾಗಿರಬೇಕು, ಹಲ್ಲು ಕಚ್ಚಿ ತಡೆದುಕೊಳ್ಳುವಂತಿರಬಾರದು.

ರಾತ್ರಿಯಿಡೀ ಬೇಡ ಅಂದದ್ದೂ ಇದಕ್ಕೇ. ಚರ್ಮ ಸುಡುವುದು ಬಿಸಿಯಿಂದ ಮಾತ್ರ ಅಲ್ಲ, ಹೊತ್ತಿನಿಂದಲೂ ಹೌದು. 1947ರಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಸಂಶೋಧಕರು ಇದನ್ನು ಅಳೆದು ತೋರಿಸಿದರು. 60 ಡಿಗ್ರಿಯಲ್ಲಿ ಕೆಲವೇ ಸೆಕೆಂಡು ಸಾಕು. 44 ಡಿಗ್ರಿ ಸ್ವಲ್ಪ ಹೊತ್ತು ತಡೆದುಕೊಳ್ಳಬಹುದಾದ ಬಿಸಿ ಅನಿಸಬಹುದು, ಆದರೆ ಸುಮಾರು ಆರು ಗಂಟೆ ಒಂದೇ ಜಾಗಕ್ಕೆ ತಗುಲಿದರೆ ಅದೂ ಸುಡುತ್ತದೆ. ಆರು ಗಂಟೆ ಅಂದರೆ ಒಂದು ರಾತ್ರಿಯ ನಿದ್ದೆ. ನಿದ್ದೆಯಲ್ಲಿ ಪಕ್ಕಕ್ಕೆ ಸರಿಸಲು ನಿಮಗೆ ಗೊತ್ತಾಗುವುದಿಲ್ಲ.

ಸುಡದೇ ಇದ್ದರೂ ಚರ್ಮ ಗುರುತು ಉಳಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಪ್ಯಾಡ್ ಇಟ್ಟುಕೊಂಡವರ ಸೊಂಟ ನೋಡಿದ್ದೇನೆ. ಕಂದು ಬಣ್ಣದ ಗೆರೆಗಳು ಒಂದಕ್ಕೊಂದು ಹೆಣೆದು ಮೀನಿನ ಬಲೆ ಹಾಸಿದ ಹಾಗೆ ಕಾಣುತ್ತವೆ. ಮುಟ್ಟಿದರೆ ನೋವಿಲ್ಲ, ಉರಿಯಿಲ್ಲ, ಅದಕ್ಕೇ ಎಷ್ಟೋ ಜನರ ಗಮನಕ್ಕೇ ಬಂದಿರುವುದಿಲ್ಲ. ಲ್ಯಾಪ್‌ಟಾಪ್ ತೊಡೆ ಮೇಲಿಟ್ಟು ಕೆಲಸ ಮಾಡುವವರಿಗೂ ಇದು ಬರುತ್ತದೆ. ಶುರುವಿನಲ್ಲೇ ಶಾಖ ನಿಲ್ಲಿಸಿದರೆ ಮೆಲ್ಲಗೆ ಮಾಸುತ್ತದೆ, ಬಿಟ್ಟರೆ ಕಾಯಂ ಆಗಬಹುದು.

ಕೊಡುವ ರೀತಿ ಹೇಳುತ್ತೇನೆ. ಕುದಿಯುವ ನೀರು ತುಂಬಬೇಡಿ. ಬ್ಯಾಗಿನ ಮೂರರಲ್ಲಿ ಎರಡು ಭಾಗ ಬಿಸಿನೀರು ಹಾಕಿ, ಒತ್ತಿ ಗಾಳಿ ಹೊರಗೆ ಕಳಿಸಿ, ಮುಚ್ಚಳ ಬಿಗಿ ಮಾಡಿ, ತಲೆಕೆಳಗೆ ಹಿಡಿದು ಸೋರುತ್ತಾ ನೋಡಿ. ರಬ್ಬರ್ ಬಿರುಕು ಬಿಟ್ಟಿದ್ದರೆ ಎಸೆದುಬಿಡಿ. ಟವೆಲ್ ಸುತ್ತಿ 15ರಿಂದ 20 ನಿಮಿಷ ಇಡಿ. ಮುಖ್ಯವಾಗಿ, ಬ್ಯಾಗ್ ನಿಮ್ಮ ಮೇಲಿರಲಿ, ನೀವು ಅದರ ಮೇಲೆ ಮಲಗಬೇಡಿ. ಮೈಭಾರಕ್ಕೆ ಚರ್ಮದ ರಕ್ತನಾಳ ಅದುಮಿಕೊಳ್ಳುತ್ತದೆ. ಬಿಸಿಯನ್ನು ಹೊತ್ತುಕೊಂಡು ಹೋಗಬೇಕಾದ ರಕ್ತವೇ ಅಲ್ಲಿ ಓಡುವುದಿಲ್ಲ, ಬಿಸಿ ಒಂದೇ ಕಡೆ ಸೇರುತ್ತದೆ. ಬೋರಲು ಮಲಗಿ ಹೊಟ್ಟೆ ಕೆಳಗೊಂದು ದಿಂಬು ಇಟ್ಟುಕೊಂಡರೆ ಸೊಂಟಕ್ಕೆ ಆರಾಮ. ಐದು ನಿಮಿಷಕ್ಕೊಮ್ಮೆ ಟವೆಲ್ ಎತ್ತಿ ಚರ್ಮ ನೋಡಲು ಮನೆಯವರಿಗೆ ಹೇಳಿ. ತಿಳಿ ಗುಲಾಬಿ ಬಣ್ಣ ಸರಿ. ಅಲ್ಲಲ್ಲಿ ಕೆಂಪು, ಬಿಳಿ ಮಚ್ಚೆ ಕಂಡರೆ ತೆಗೆಯಿರಿ. ಮೈಬಣ್ಣ ಕಪ್ಪಿದ್ದರೆ ಕೆಂಪು ಬೇಗ ಕಾಣುವುದಿಲ್ಲ, ಕೈಯಿಂದ ಮುಟ್ಟಿ ನೋಡಿ. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಶಾಖ ಬೇಡವೇ ಬೇಡ, ಎರಡೂ ಸೇರಿ ಚರ್ಮ ಸುಟ್ಟುಹೋಗಬಹುದು.

ಐಸ್ ವಿಷಯ ಸರಳ. ಕಾಲು ಉಳುಕಿ ಈಗಷ್ಟೇ ಊದಿಕೊಳ್ಳುತ್ತಿದೆ ಅಂದರೆ ಮೊದಲ ಎರಡು ಮೂರು ದಿನ ಶಾಖ ಬೇಡ, ಊತ ಹೆಚ್ಚಾಗುತ್ತದೆ. ಐಸ್ ನೋವು ತಗ್ಗಿಸುತ್ತದೆ. ಹಾಗಂತ ಐಸ್ ಕೂಡ ಬೇಗ ವಾಸಿ ಮಾಡುತ್ತದೆ ಅನ್ನುವಂತಿಲ್ಲ. ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಎತ್ತರ ಎಂಬ ಸೂತ್ರವನ್ನು 1978ರಲ್ಲಿ ಕೊಟ್ಟ ಡಾ. ಗೇಬ್ ಮರ್ಕಿನ್ ಅವರೇ ಮುಂದೆ ಐಸ್ ಚೇತರಿಕೆಯನ್ನು ತಡ ಮಾಡಬಹುದು ಅಂತ ಬರೆದರು. ನಿಮ್ಮದು ಊತವಿಲ್ಲದ, ಬಿಗಿತದ ನೋವು. ಶಾಖವೇ ಸರಿ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದು, ಅವರೂ ಇದೇ ಬ್ಯಾಗ್ ಬಳಸುತ್ತಿದ್ದರೆ ದಯವಿಟ್ಟು ಗಮನ ಕೊಡಿ. ಈ ವಿಷಯದಲ್ಲಿ ನನಗೆ ನಿಜವಾಗಿ ಆತಂಕವಿದೆ. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಸುಡುವುದೇ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೆ ಕಣ್ಣಿಗೆ ಬೀಳುತ್ತದೆ, ಆ ಗಾಯ ಮಾಯುವುದೂ ನಿಧಾನ. ಶಾಖ ಕೊಡುವ ಮೊದಲು ನಾವು ಎರಡು ಗಾಜಿನ ನಳಿಕೆಯಲ್ಲಿ ಬಿಸಿ ಮತ್ತು ತಣ್ಣನೆ ನೀರು ತುಂಬಿ, ಕಣ್ಣು ಮುಚ್ಚಿಸಿ, ಒಂದಾದ ಮೇಲೊಂದು ಮುಟ್ಟಿಸುತ್ತೇವೆ. ಯಾವುದು ಬಿಸಿ ಅಂತ ಸರಿಯಾಗಿ ಹೇಳಲಾಗದವರಿಗೆ ಆ ಜಾಗದಲ್ಲಿ ಶಾಖ ಕೊಡುವುದಿಲ್ಲ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೂ ಶಾಖ ಬೇಡ. ರಕ್ತ ಹೆಪ್ಪುಗಟ್ಟಿರಬಹುದು, ಬೇಗ ಡಾಕ್ಟರಿಗೆ ತೋರಿಸಿ.

ನಿಮ್ಮ ವಿಷಯದಲ್ಲೂ ಕೆಲವು ಲಕ್ಷಣ ಕಂಡರೆ ಬ್ಯಾಗ್ ಪಕ್ಕಕ್ಕಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ: ಕಾಲಿನ ಶಕ್ತಿ ಕುಂದುವುದು, ತೊಡೆ ಸಂದಿಯ ಸುತ್ತ ಜೋಮು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ನೋವಿನ ಜೊತೆ ಜ್ವರ. ಬಿದ್ದ ಮೇಲೆ ಶುರುವಾದ ನೋವಾಗಿದ್ದರೂ ಅಷ್ಟೇ.

ಇವು ಯಾವುವೂ ಇಲ್ಲದಿದ್ದರೆ ದಿನಕ್ಕೆ ಎರಡು ಮೂರು ಸಲ ಶಾಖ, ಹಿಂದೆಯೇ ವ್ಯಾಯಾಮ, ನಡಿಗೆ. ಕೆಲಸದ ನಡುವೆ ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಎರಡು ವಾರ ಹೀಗೆ ಮಾಡಿ. ಬೆಳಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು ಇರುತ್ತದೆ ಅಂತ ಬರೆದಿಡಿ. ಅದು ಅರ್ಧ ಗಂಟೆಗಿಂತ ಜಾಸ್ತಿ ಇದ್ದು, ಓಡಾಡಿದರೆ ಕಡಿಮೆಯಾಗಿ, ಮಲಗಿದರೆ ಹೆಚ್ಚಾಗುತ್ತಿದ್ದರೆ ಕೀಲುಗಳ ಉರಿಯೂತ ಇರಬಹುದು. ಅದಕ್ಕೆ ರಕ್ತ ಪರೀಕ್ಷೆ ಬೇಕಾಗುತ್ತದೆ, ಡಾಕ್ಟರಿಗೆ ಆ ಬರಹವನ್ನೇ ತೋರಿಸಿ.