ಆ ಮಗು ಯಾವ ಗಡಿ ದಾಟಿತ್ತು?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ಕಳ್ಳದಾರಿಯಲ್ಲಿ ಅಮೆರಿಕಕ್ಕೆ ನುಗ್ಗಿದವರ ಮಕ್ಕಳಿಗೆ ಹುಟ್ಟುತ್ತಲೇ ಪೌರತ್ವ ಏಕೆ? ಅದನ್ನು ನಿಲ್ಲಿಸುವ ಟ್ರಂಪ್ ಆದೇಶ ಸರಿಯಾಗಿಯೇ ಇದೆ. ನಮ್ಮ ದೇಶವೂ ಇದನ್ನು ನಿಲ್ಲಿಸಿದೆಯಲ್ಲವೇ? ಎಚ್‌1ಬಿ ವೀಸಾ ಪಡೆದು ನ್ಯಾಯವಾಗಿ ಹೋದ ನನ್ನ ಮಗನಂಥವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಸೊಸೆಗೆ ಈಗ ಏಳು ತಿಂಗಳು.’

ಸಂಪಾದಕರ ಉತ್ತರ:

ನಿಮ್ಮ ಪತ್ರದ ಕೊನೆಯ ಎರಡು ಸಾಲು ಓದಿ ನನಗೆ ಆತಂಕವಾಯಿತು. 2025ರ ಜನವರಿ 20ರ ಆದೇಶ ಅಕ್ರಮವಾಗಿ ನೆಲೆಸಿದವರ ಮಾತಷ್ಟೇ ಆಡುವುದಿಲ್ಲ. ತಾಯಿ ಕಾನೂನುಬದ್ಧವಾಗಿಯೇ ಇದ್ದರೂ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆಗೆ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದಿದ್ದರೆ, ಫೆಬ್ರವರಿ 19ರ ನಂತರ ಹುಟ್ಟುವ ಅವರ ಮಗುವೂ ಪ್ರಜೆಯಲ್ಲ ಎನ್ನುತ್ತದೆ. ನಿಮ್ಮ ಮಗನ ಎಚ್‌1ಬಿ ಕೂಡ ತಾತ್ಕಾಲಿಕ ಕೆಲಸದ ವೀಸಾ. ಸೊಸೆಯೂ ತಾತ್ಕಾಲಿಕ ವೀಸಾದಲ್ಲಿದ್ದರೆ ನಿಮ್ಮ ಮೊಮ್ಮಗು ಆ ಲೆಕ್ಕಕ್ಕೇ ಬರುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಅಂತರ್ಯುದ್ಧ ಮುಗಿದು, 1868ರಲ್ಲಿ ಸಂವಿಧಾನದ 14ನೇ ತಿದ್ದುಪಡಿ ಬಂತು. ಅಮೆರಿಕದಲ್ಲಿ ಹುಟ್ಟಿ ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟವರೆಲ್ಲ ಪ್ರಜೆಗಳು ಎಂದು ಅದು ಹೇಳಿತು. ಕರಿಯರು ಪ್ರಜೆಗಳಾಗಲಾರರು ಎಂದಿದ್ದ 1857ರ ಡ್ರೆಡ್ ಸ್ಕಾಟ್ ತೀರ್ಪನ್ನು ಅಳಿಸಿಹಾಕುವುದೇ ಅದರ ಉದ್ದೇಶವಾಗಿತ್ತು. ಇಲ್ಲೊಂದು ಸಂಗತಿ ನನ್ನ ಮನಸ್ಸನ್ನು ಬಿಡುವುದಿಲ್ಲ. ಗುಲಾಮರನ್ನು ಹೊರಗಿನಿಂದ ತರುವುದನ್ನು ಅಮೆರಿಕ 1808ರಲ್ಲೇ ನಿಷೇಧಿಸಿತ್ತು. ಆದರೂ ಹಡಗುಗಳು ಬರುತ್ತಲೇ ಇದ್ದವು. ಕ್ಲೋಟಿಲ್ಡಾ ಎಂಬ ಹಡಗು 1860ರಲ್ಲಿ ಆಫ್ರಿಕಾದ ಸುಮಾರು ನೂರಹತ್ತು ಜನರನ್ನು ಅಲಬಾಮಾದ ಮೊಬೀಲ್ ಬಳಿ ಕದ್ದು ತಂದು ಇಳಿಸಿತು. ಅಂಥವರು ದೇಶದೊಳಗೆ ಬಂದದ್ದೇ ಕಾನೂನಿಗೆ ವಿರುದ್ಧವಾಗಿ. ಹಾಗೆಂದು ಅವರ ಮಕ್ಕಳನ್ನು ತಿದ್ದುಪಡಿ ಹೊರಗಿಡಲಿಲ್ಲ.

ವಾಂಗ್ ಕಿಮ್ ಆರ್ಕ್ ಚೀನೀ ದಂಪತಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವನು, ವೃತ್ತಿಯಿಂದ ಅಡುಗೆಯವನು. 1895ರಲ್ಲಿ ಚೀನಾಕ್ಕೆ ಹೋಗಿ ಮರಳಿದಾಗ ಅಧಿಕಾರಿಗಳು ಪ್ರಜೆಯಲ್ಲವೆಂದು ಅವನನ್ನು ದಡಕ್ಕೆ ಇಳಿಯಗೊಡಲಿಲ್ಲ. ಹುಟ್ಟೂರು ಕಣ್ಣೆದುರಿಗೇ ಇದ್ದರೂ ಅವನು ತಿಂಗಳುಗಟ್ಟಲೆ ಬಂದರಿನ ಹಡಗುಗಳಲ್ಲಿ ಬಂಧಿಯಾಗಿ ಕಳೆದ. 1898ರಲ್ಲಿ ಸುಪ್ರೀಂ ಕೋರ್ಟ್ 6–2ರ ಬಹುಮತದಿಂದ ಅವನನ್ನು ಪ್ರಜೆಯೆಂದು ಒಪ್ಪಿತು. ಅವನ ತಂದೆತಾಯಿ ಅಲ್ಲಿ ಕಾನೂನುಬದ್ಧವಾಗಿಯೇ ನೆಲೆಸಿದ್ದವರು. ಆದ್ದರಿಂದ ಆ ತೀರ್ಪು ಅಕ್ರಮ ವಲಸಿಗರ ಮಕ್ಕಳಿಗೆ ಅನ್ವಯಿಸದು ಎಂಬ ವಾದವಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಕೋರ್ಟ್ ಹೊರಗಿಟ್ಟದ್ದು ರಾಯಭಾರಿಗಳ ಮಕ್ಕಳು, ದಾಳಿ ಮಾಡಿ ನೆಲ ಹಿಡಿದ ಶತ್ರುಸೇನೆಯವರ ಮಕ್ಕಳು, ಮೂಲನಿವಾಸಿ ಬುಡಕಟ್ಟುಗಳವರು, ಇಂಥ ಕೆಲವರನ್ನು ಮಾತ್ರ. ಅಕ್ರಮವಾಗಿ ಬಂದವನನ್ನು ಅಲ್ಲಿನ ಪೊಲೀಸರು ಹಿಡಿಯಬಹುದು, ಅಲ್ಲಿನ ಕೋರ್ಟು ಶಿಕ್ಷಿಸಬಹುದು. ಹಾಗಿರುವಾಗ ಅವನ ಮಗು ಅಮೆರಿಕದ ಅಧಿಕಾರವ್ಯಾಪ್ತಿಯಲ್ಲಿಲ್ಲ ಎನ್ನುವುದು ಹೇಗೆ?

ಭಾರತ ನಿಲ್ಲಿಸಿದ್ದು ನಿಜ. 1987ರ ಜುಲೈನಿಂದ ತಂದೆತಾಯಿಯಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕಾಯಿತು. 2004ರ ಡಿಸೆಂಬರ್‌ನಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂಬ ಷರತ್ತೂ ಸೇರಿತು. ಆದರೆ ಅದನ್ನು ಮಾಡಿದ್ದು ಸಂಸತ್ತು, ನಮ್ಮ ಸಂವಿಧಾನವೇ ಕೊಟ್ಟ ಅಧಿಕಾರದಿಂದ. ಅಮೆರಿಕದಲ್ಲಿ ಈ ಹಕ್ಕು ಇರುವುದೇ ಸಂವಿಧಾನದಲ್ಲಿ. ಅದನ್ನು ತಿದ್ದಬೇಕಾದರೆ ಸಾಮಾನ್ಯವಾಗಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ, 38 ರಾಜ್ಯಗಳ ಒಪ್ಪಿಗೆ ಬೇಕು. ಅಧ್ಯಕ್ಷರ ಒಂದು ಸಹಿ ಸಾಲದು.

ಗಡಿ ಕಾಯುವ ಹಕ್ಕು ಎಲ್ಲ ದೇಶಕ್ಕೂ ಇದೆ; ಅದರಲ್ಲಿ ನಾನು ನಿಮ್ಮ ಜೊತೆಗಿದ್ದೇನೆ. ತಂದೆಯ ತಪ್ಪಿಗೆ ತೊಟ್ಟಿಲಿನ ಕೂಸನ್ನು ಹೊಣೆಯಾಗಿಸುವುದನ್ನು ಮಾತ್ರ ಒಪ್ಪಲಾರೆ. ಹುಟ್ಟಿನಿಂದಲೇ ಮನುಷ್ಯರನ್ನು ಹೊರಗಿಡುವುದು ಏನೆಂದು ನಮ್ಮ ಊರುಕೇರಿಗಳಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಮೇರಿಲ್ಯಾಂಡ್ ಮತ್ತು ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶರು 2025ರ ಫೆಬ್ರವರಿ ಮೊದಲ ವಾರ ಆದೇಶಕ್ಕೆ ತಡೆ ನೀಡಿದ್ದರು. ಆದರೂ ಮಗನಿಗೆ ಈಗಲೇ ಫೋನ್ ಮಾಡಿ, ವಲಸೆ ಕಾನೂನು ಬಲ್ಲ ವಕೀಲರೊಬ್ಬರನ್ನು ಕಾಣಲು ಹೇಳಿ. ಅಮೆರಿಕದ ಪೌರತ್ವ ಸಿಗದೆ ಹೋದರೆ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟ್‌ನಲ್ಲಿ ನೋಂದಾಯಿಸಬೇಕಾಗುತ್ತದೆ. ಆ ಗಡುವನ್ನು ಬರೆದಿಟ್ಟುಕೊಳ್ಳಲಿ.