ಹೆಡ್‌ಫೋನಲ್ಲಿ ಕೇಳುತ್ತೆ, ಸ್ಪೀಕರಲ್ಲಿ ಇಲ್ಲ!

ಪ್ರಶ್ನೆ: ಸರ್, ನಮ್ಮನೇಲಿ ಒಂದು ಹಳೇ ಲ್ಯಾಪ್‌ಟಾಪ್ ಇದೆ, ಇಂಟೆಲ್ ಐ3, 4ನೇ ಜನರೇಶನ್ದು. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತೋಯ್ತಲ್ಲ ಅಂತ ಲಿನಕ್ಸ್ ಮಿಂಟ್ 22 ಹಾಕ್ದೆ. ಎಲ್ಲಾ ಓಕೆ, ಆದ್ರೆ ಸ್ಪೀಕರಿಂದ ಸೌಂಡ್ ಬರ್ತಿಲ್ಲ, ವಾಲ್ಯೂಮ್ ಫುಲ್ ಇಟ್ರೂ ಅಷ್ಟೇ. ಹೆಡ್‌ಫೋನ್ ಹಾಕಿದ್ರೆ ಕೇಳುತ್ತೆ. ರಿಪೇರಿ ಅಂಗಡಿಯವ್ರು ಸೌಂಡ್ ಚಿಪ್ ಹೋಗಿದೆ, ಬೋರ್ಡೇ ಬದಲಾಯಿಸ್ಬೇಕು ಅಂತಿದಾರೆ. ಮತ್ತೊಂದ್ಸಲ ಫಾರ್ಮ್ಯಾಟ್ ಮಾಡಿ ನೋಡ್ಲಾ?

ಉತ್ತರ: ಫಾರ್ಮ್ಯಾಟೂ ಬೇಡ ಬೋರ್ಡೂ ಬೇಡ, ಸ್ವಲ್ಪ ತಡೀರಿ. ಹೆಡ್‌ಫೋನಲ್ಲಿ ಕೇಳ್ತಿದೆ ಅಂದ್ಮೇಲೆ ಚಿಪ್ ಕೆಲಸ ಮಾಡ್ತಿದೆ, ಡ್ರೈವರೂ ಲೋಡ್ ಆಗಿದೆ. ಸೌಂಡ್ ಚಿಪ್ ಹೋಗಿದೆ ಅನ್ನೋ ಮಾತು ಇಲ್ಲಿಗೇ ಬಿತ್ತು.

ನನ್ನ ಗುಮಾನಿ ಹೆಡ್‌ಫೋನ್ ಜ್ಯಾಕ್ ಮೇಲೆ. ಅದರೊಳಗೆ ಪಿನ್ ತೂರಿದೆಯಾ ಇಲ್ವಾ ಅಂತ ಹೇಳೋ ಒಂದು ಸಣ್ಣ ಸ್ವಿಚ್ ಇರುತ್ತೆ, ಹಳೇ ಮಷಿನ್‌ಗಳಲ್ಲಿ ಧೂಳು ಕೂತೋ ಒಳಗಿನ ತಗಡಿನ ಪಟ್ಟಿ ಬಗ್ಗಿಯೋ ಅದು ಅಂಟ್ಕೊಂಡುಬಿಡುತ್ತೆ, ಆಗ ಹೆಡ್‌ಫೋನ್ ಇಲ್ದಿದ್ರೂ ಇದೆ ಅಂತ ತಿಳ್ಕೊಂಡು ಸಿಸ್ಟಮ್ ಸ್ಪೀಕರ್ನ ಮ್ಯೂಟ್ ಮಾಡಿ ಕೂತಿರುತ್ತೆ. ಖಾತ್ರಿ ಮಾಡ್ಕೊಳೋದು ಸುಲಭ: ಸಾಫ್ಟ್‌ವೇರ್ ಮ್ಯಾನೇಜರಿಂದ ಪಾವುಕಂಟ್ರೋಲ್ (pavucontrol) ಅನ್ನೋ ಸೌಂಡ್ ಸೆಟ್ಟಿಂಗ್ ಆ್ಯಪ್ ಹಾಕ್ಕೊಳಿ, ಹೆಡ್‌ಫೋನ್ ತೆಗೆದಿಟ್ಟು ಒಂದು ಹಾಡು ಹಚ್ಚಿ, ಔಟ್‌ಪುಟ್ ಡಿವೈಸಸ್ ಟ್ಯಾಬಲ್ಲಿ ಪೋರ್ಟ್ ಅನ್ನೋ ಪಟ್ಟಿ ತೆಗೀರಿ. ಏನೂ ಚುಚ್ಚದೇ ಇದ್ರೂ ಹೆಡ್‌ಫೋನ್ಸ್ ಎದುರು ‘ಪ್ಲಗ್ಡ್ ಇನ್’ ಅಂತಿದ್ರೆ ಕಳ್ಳ ಸಿಕ್ಕಿಬಿದ್ದ. ಪಿನ್ನ ಹಾಕಿ ತೆಗೆದು ಹಾಕಿ ತೆಗೆದು ಮಾಡಿ, ಮಷಿನ್ ಆಫ್ ಮಾಡಿ ಜ್ಯಾಕಿಗೆ ಬ್ಲೋವರಿಂದ ಗಾಳಿ ಬಿಡಿ, ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತೆ.

ಹೋಗ್ಲಿಲ್ವಾ, ಅದೇ ಪಟ್ಟೀಲಿ ಕೈಯಾರೆ ಸ್ಪೀಕರ್ಸ್ ಆರಿಸಿ, ಆಮೇಲೆ ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಕಿಟಕಿ) ತೆಗೆದು ಆಲ್ಸಾಮಿಕ್ಸರ್ (alsamixer) ಓಡಿಸಿ. ಎಫ್6 ಒತ್ತಿದ್ರೆ ಸೌಂಡ್ ಕಾರ್ಡ್‌ಗಳು ಬರ್ತವೆ. ನಿಮ್ಮ ಜನರೇಶನಲ್ಲಿ ಎರಡಿರ್ತವೆ, ಒಂದು ಎಚ್‌ಡಿಎಂಐ, ಅಂದ್ರೆ ಕೇಬಲ್ ಮೂಲಕ ಟೀವಿಗೆ ಹೋಗೋ ಸೌಂಡ್, ಇನ್ನೊಂದು ಪಿಸಿಎಚ್ (PCH), ಅಂದ್ರೆ ಲ್ಯಾಪ್‌ಟಾಪಿನ ಸ್ಪೀಕರ್, ಹೆಡ್‌ಫೋನ್ ನೋಡ್ಕೊಳೋದು, ನಿಮಗೆ ಬೇಕಾಗಿರೋದು ಪಿಸಿಎಚ್. ಅಲ್ಲಿ ಸ್ಪೀಕರ್ ಕಂಬದ ಕೆಳಗೆ ‘ಎಂಎಂ’ ಅಂತಿದ್ರೆ ಮ್ಯೂಟ್ ಆಗಿದೆ ಅಂತ, ಎಂ ಕೀ ಒತ್ತಿ, ‘00’ ಆಗುತ್ತೆ. ಈ 00 ನೋಡಿ ವಾಲ್ಯೂಮ್ ಸೊನ್ನೆ ಆಗೋಯ್ತು ಅಂತ ಗಾಬರಿಯಾಗಿ ಮತ್ತೆ ಎಂ ಒತ್ತೋರು ತುಂಬಾ ಜನ! 00 ಅಂದ್ರೆ ಮ್ಯೂಟ್ ಇಲ್ಲ ಅಂತ, ವಾಲ್ಯೂಮ್ ಅದರ ಮೇಲಿನ ಕಂಬದಲ್ಲಿರುತ್ತೆ. ಹಾಗೇ ಬಲಕ್ಕೆ ಹೋಗ್ತಾ ಹೋಗಿ, ‘ಆಟೋ ಮ್ಯೂಟ್ ಮೋಡ್’ ಸಿಕ್ಕಿದ್ರೆ ಡೌನ್ ಆ್ಯರೋ ಒತ್ತಿ ಡಿಸೇಬಲ್ಡ್ ಮಾಡಿ. ಎಸ್ಕೇಪ್ ಒತ್ತಿ ಹೊರಗೆ ಬಂದು ‘ಸುಡೋ ಆಲ್ಸಾಸಿಟಿಎಲ್ ಸ್ಟೋರ್’ (sudo alsactl store) ಅನ್ನೋ ಕಮಾಂಡ್ ಕೊಟ್ರೆ ಈ ಸೆಟ್ಟಿಂಗ್ ಉಳ್ಕೊಳುತ್ತೆ. ಇನ್ಮುಂದೆ ಹೆಡ್‌ಫೋನ್ ಹಾಕಿದ್ರೂ ಸ್ಪೀಕರ್ ತಾನಾಗೇ ನಿಲ್ದೇ ಹೋಗ್ಬಹುದು, ರಾತ್ರಿ ಸಿನಿಮಾ ನೋಡೋರು ನೆನಪಿಟ್ಕೊಳಿ.

ಇದೇ ಕಾಲದ ಲ್ಯಾಪ್‌ಟಾಪಲ್ಲಿ ಹೆಡ್‌ಫೋನೂ ಇಲ್ಲ ಸ್ಪೀಕರೂ ಇಲ್ಲ ಅನ್ನೋರು ಮೊದಲು ಪಾವುಕಂಟ್ರೋಲಿನ ಕಾನ್ಫಿಗರೇಶನ್ ಟ್ಯಾಬಲ್ಲಿ ಎಚ್‌ಡಿಎಂಐ ಪ್ರೊಫೈಲ್ ಆಫ್ ಮಾಡಿ ನೋಡಿ, ಇಲ್ದಿರೋ ಟೀವಿಗೆ ಸೌಂಡ್ ಹೋಗ್ತಿರುತ್ತೆ.

ಒಂದು ಎಚ್ಚರಿಕೆ. ನೆಟ್‌ನಲ್ಲಿ ಪಲ್ಸ್‌ಆಡಿಯೋ (ಲಿನಕ್ಸಲ್ಲಿ ಸೌಂಡ್ ನೋಡ್ಕೊಳೋ ಒಂದು ಪ್ರೋಗ್ರಾಮ್) ಕಿತ್ತಾಕಿ, ರೀಸ್ಟಾರ್ಟ್ ಮಾಡಿ ಅನ್ನೋ ಸಲಹೆ ರಾಶಿ ಸಿಗುತ್ತೆ. ಅದರಲ್ಲಿ ತುಂಬಾ ಪಾಲು, ಮಿಂಟಿಗೆ ಆಧಾರವಾಗಿರೋ ಉಬುಂಟು ಅನ್ನೋ ಲಿನಕ್ಸಿನ 8.04ರಲ್ಲಿ, ಅಂದ್ರೆ 2008ರಲ್ಲಿ, ಪಲ್ಸ್‌ಆಡಿಯೋ ಹೊಸದಾಗಿ ಬಂದು ಎಲ್ಲರ ತಲೆ ತಿಂತಿದ್ದ ಕಾಲದ್ದು. ಮಿಂಟ್ 22ರಲ್ಲಿರೋದು ಅದರ ಜಾಗಕ್ಕೆ ಬಂದ ಪೈಪ್‌ವೈರ್, ಆ ಹಳೇ ಕಮಾಂಡ್‌ಗಳು ಇಲ್ಲಿ ನಡೆಯಲ್ಲ, ಪ್ಯಾಕೇಜ್ ಕಿತ್ತಾಕೋಕೆ ಹೋದ್ರೆ ಇರೋ ಹೆಡ್‌ಫೋನ್ ಸೌಂಡೂ ಹೋದೀತು.

ಇಷ್ಟೆಲ್ಲಾ ಮಾಡಿದ್ರೂ ಸ್ಪೀಕರ್ ಮಾತಾಡ್ಲಿಲ್ಲ ಅಂದ್ರೆ ಸ್ಪೀಕರ್ರೋ ಅದರ ವೈರೋ ಹೋಗಿರ್ಬೇಕು, ಬಿಚ್ಚಿಸಿ ಅದನ್ನಷ್ಟೇ ನೋಡ್ಸಿ. ಅದೂ ಬೇಡ ಅಂದ್ರೆ ಒಂದು ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಂಡು ಹೊರಗಿನ ಸ್ಪೀಕರ್ ಹಾಕ್ಕೊಳಿ, ಲಿನಕ್ಸಲ್ಲಿ ಸಾಮಾನ್ಯವಾಗಿ ಬೇರೆ ಡ್ರೈವರ್ ಕೇಳಲ್ಲ.