ಮಂಡ್ಯದ ಮೇಲೆ ಹಾರುವಾಗ ಸಣ್ಣ ವಿಮಾನದ ಎಂಜಿನ್ ನಿಂತರೆ, ಕಲ್ಲಿನ ಹಾಗೆ ಬೀಳುತ್ತಾ?

ಇಲ್ಲ. ರೆಕ್ಕೆ ಇದೆಯಲ್ಲ, ತೇಲಿಕೊಂಡೇ ಇಳಿಯುತ್ತದೆ. ಸೆಸ್ನಾ 172 ಎಂಬ ಸಣ್ಣ ವಿಮಾನ ನೆಲದಿಂದ 3000 ಅಡಿ ಮೇಲಿದ್ದರೆ, ಗಾಳಿ ಇಲ್ಲದಾಗ ಸುಮಾರು 8 ಕಿ.ಮೀ. ಸಾಗಬಹುದು. ವೇಗ ಮಾತ್ರ ಗಂಟೆಗೆ 120 ಕಿ.ಮೀ. ಆಸುಪಾಸಿನಲ್ಲಿರಬೇಕು. ಮೂತಿ ಎತ್ತಿದರೆ ಇನ್ನೂ ದೂರ ಹೋಗಬಹುದು ಅನಿಸುತ್ತದೆ. ಕೆಡುವುದೇ ಅಲ್ಲಿ: ವೇಗ ಇಳಿದು, ವಿಮಾನವನ್ನು ಎತ್ತಿ ಹಿಡಿಯಲಾಗದೆ ರೆಕ್ಕೆ ಕೈಕೊಡುತ್ತದೆ.

ಮೈಸೂರಿನ ಮಂಡಕಳ್ಳಿ ರನ್‌ವೇ ಎಟುಕದಿದ್ದರೆ ಹೊಲವೇ ಗತಿ. ನಾಟಿ ಮಾಡಿದ ಗದ್ದೆ ಬೇಡ, ಕೆಸರಲ್ಲಿ ಮುಂದಿನ ಚಕ್ರ ಹೂತು ವಿಮಾನ ಮಗುಚಬಹುದು. ಕುಯ್ಲು ಮುಗಿದು ಒಣಗಿದ ಬಯಲು ವಾಸಿ. ಹೆದ್ದಾರಿ ನೆನಪಾಗುತ್ತೆ, ಅಲ್ವಾ? ಅಲ್ಲಿ ವಾಹನ, ಕಂಬ, ತಂತಿ.

ಇಳಿಯುವುದು ಗಾಳಿಗೆ ಎದುರಾಗಿ. ನೆಲ ಮುಟ್ಟುವ ಮೊದಲೇ ಇಂಧನ ಬಂದ್ ಮಾಡಿ, ಬಾಗಿಲ ಚಿಲಕ ತೆಗೆದಿಡುತ್ತಾರೆ. ಇಲ್ಲಾಂದ್ರೆ ಚೌಕಟ್ಟು ಸೊಟ್ಟಗಾಗಿ ಬಾಗಿಲು ಸಿಕ್ಕಿಕೊಳ್ಳಬಹುದು.